ಮಗ್ಗುಲು ಬದಲಿಸುವುದೇಕೆ?

ಐರ್ಲೆಂಡಿನಲ್ಲಿ ಆರೈಕೆ ಕೆಲಸದಲ್ಲಿರುವ ನನ್ನ ಅಕ್ಕ, ಹಾಸಿಗೆ ಹಿಡಿದ ಅಜ್ಜಿಯೊಬ್ಬರನ್ನು ರಾತ್ರಿಯೂ ಹೊರಳಿಸಿ ಮಲಗಿಸುತ್ತಾಳೆ. ಅವರ ನಿದ್ದೆ ಕೆಡಿಸುವುದೇಕೆ?

ಮಲಗಿದಾಗ ದೇಹದ ಭಾರ ಹೆಚ್ಚಾಗಿ ಬೀಳುವುದು ಸೊಂಟದ ಹಿಂಭಾಗ, ಹಿಮ್ಮಡಿಯಂಥ ಮೂಳೆ ಉಬ್ಬಿದ ಜಾಗಗಳ ಮೇಲೆ. ಅಲ್ಲಿ ಮೂಳೆಗೂ ಹಾಸಿಗೆಗೂ ನಡುವೆ ಸಿಕ್ಕಿದ ಚರ್ಮದ ಸೂಕ್ಷ್ಮ ರಕ್ತನಾಳಗಳು ಅಮುಕಿಹೋಗುತ್ತವೆ. ತೋಟಕ್ಕೆ ನೀರು ಹಾಯಿಸುವ ಪೈಪನ್ನು ಕಾಲಿನಿಂದ ತುಳಿದ ಹಾಗೆ. ಕಾಲು ತೆಗೆದರೆ ನೀರು ಹರಿಯುತ್ತದೆ. ತೆಗೆಯದಿದ್ದರೆ ಆಚೆಯ ಗಿಡ ಬಾಡುತ್ತದೆ. ಆಮ್ಲಜನಕ ಸಿಗದ ಚರ್ಮವೂ ಕೆಲವೇ ಗಂಟೆಗಳಲ್ಲಿ ಸಾಯತೊಡಗುತ್ತದೆ. ಹಾಸಿಗೆ ಹುಣ್ಣು ಶುರುವಾಗುವುದು ಹೀಗೆ.

ನಾವೆಲ್ಲ ನಿದ್ದೆಯಲ್ಲೂ ಗೊತ್ತಿಲ್ಲದೆ ಹೊರಳುತ್ತೇವೆ. ಆ ಅಜ್ಜಿಗೆ ಅದು ಆಗದು. ಅವರ ಪರವಾಗಿ ನನ್ನ ಅಕ್ಕ ಹೊರಳಿಸುತ್ತಾಳೆ. ಸಾಮಾನ್ಯವಾಗಿ 2ರಿಂದ 4 ಗಂಟೆಗೊಮ್ಮೆ, ಎಳೆಯದೆ, ಮೆಲ್ಲಗೆ ಎತ್ತಿ. ಎಳೆದರೆ ಚರ್ಮ ತರಚುತ್ತದೆ.

ಆರೈಕೆ ಮಾಡುವವರೆಲ್ಲ ಅಕ್ಕನಂತೆ ಕೆಲಸಕ್ಕಿರುವವರಲ್ಲ. ಐರ್ಲೆಂಡಿನ 2022ರ ಜನಗಣತಿಯಲ್ಲಿ ಸುಮಾರು 3 ಲಕ್ಷ ಜನ ಸಂಬಳವಿಲ್ಲದೆ ತಮ್ಮವರ ಆರೈಕೆ ಮಾಡುತ್ತಿದ್ದೇವೆ ಎಂದಿದ್ದಾರೆ. ನಮ್ಮಲ್ಲೂ ಈ ಕೆಲಸ ಬಹುಪಾಲು ಮನೆಯವರದೇ.

ನಿಮ್ಮ ಮನೆಯಲ್ಲಿ ಹಾಸಿಗೆ ಹಿಡಿದವರಿದ್ದರೆ ಇವತ್ತೇ ಅವರ ಹಿಮ್ಮಡಿ, ಸೊಂಟ ನೋಡಿ. ಬೆರಳಿನಿಂದ ಒತ್ತಿದರೂ ಮಾಸದ ಕೆಂಪು ಕಂಡರೆ, ಕಪ್ಪು ಚರ್ಮದವರಲ್ಲಿ ಆ ಜಾಗ ಬಿಸಿಯಾಗಿ ಅಥವಾ ಗಡುಸಾಗಿದ್ದರೆ, ಉಜ್ಜಬೇಡಿ. ಅಲ್ಲಿ ಭಾರ ಬೀಳದಂತೆ ಮಲಗಿಸಿ, ವೈದ್ಯರಿಗೆ ತೋರಿಸಿ.