ಕೆಂಡದ ಮೇಲೆ ಬ್ಯಾಡಗಿ ಬಣ್ಣ

ಕರಾವಳಿಯ ಹೋಟೆಲಿನಲ್ಲಿ ಕೆಂಪಗೆ ಹೊಳೆಯುವ ಮೀನಿನ ತವಾ ಫ್ರೈ ತಿಂದು ಬಂದವರು ಅದೆಲ್ಲ ಕಡಲಿನ ಕರಾಮತ್ತು ಎಂದೇ ನಂಬಿರುತ್ತಾರೆ. ಆ ಕೆಂಪು ಬಹುಪಾಲು ಘಟ್ಟದ ಮೇಲಿನದು, ಬ್ಯಾಡಗಿ ಮೆಣಸಿನಕಾಯಿಯದು. ಅಂದಮೇಲೆ ಬ್ಯಾಡಗಿಯ ಪಕ್ಕದ ರಾಣೆಬೆನ್ನೂರು ತಾಲ್ಲೂಕಿನ ಕುಪ್ಪೇಲೂರಿನಲ್ಲಿ ಮೀನು ಸುಡುವವರಿಗೆ ಅಂಗಡಿಯ ಮಸಾಲೆ ಪೊಟ್ಟಣ ಯಾತಕ್ಕೆ?

ಮೀನಿಗೂ ದೂರ ಹೋಗಬೇಕಿಲ್ಲ. ತಾಲ್ಲೂಕಿನ ಅಂಚಿಗೇ ತುಂಗಭದ್ರೆ ಹರಿಯುತ್ತದೆ; ವಚನಕಾರ ಅಂಬಿಗರ ಚೌಡಯ್ಯನ ಹೆಸರು ಹೊತ್ತ ಚೌಡಯ್ಯದಾನಪುರ ಇರುವುದು ಅದೇ ದಂಡೆಯಲ್ಲಿ. ಕೆರೆಯಲ್ಲಿ ಸಾಕಿದ ಕಾಟ್ಲಾ, ರೋಹು ಸಂತೆಗೆ ಬರುತ್ತವೆ. ಕೆರೆ ಮೀನಿಗೆ ಕೆಸರು ವಾಸನೆ ಎಂದು ಮೂಗು ಮುರಿಯುವವರುಂಟು. ನೀರಿನ ಸೂಕ್ಷ್ಮಜೀವಿಗಳಿಂದ ಹುಟ್ಟುವ ಜಿಯೋಸ್ಮಿನ್ ಆ ವಾಸನೆಗೆ ಮುಖ್ಯ ಕಾರಣ. ಹುಳಿ ತಾಗಿದರೆ ಅದು ಮುರಿಯುತ್ತದೆ. ಹುಣಸೆರಸ ಸವರಿ ಸ್ವಲ್ಪ ಹೊತ್ತು ಬಿಡುವುದು ಬರೀ ರುಚಿಗಲ್ಲ.

2011ರಲ್ಲಿ ಭೌಗೋಳಿಕ ಸೂಚಿ ಮಾನ್ಯತೆ ಪಡೆದ ಬ್ಯಾಡಗಿಯಲ್ಲಿ ಎರಡು ಬಗೆ: ಉದ್ದನೆಯ ಕಡ್ಡಿ, ಗಿಡ್ಡಗೆ ದಪ್ಪಗಿರುವ ಡಬ್ಬಿ. ಮೀನಿಗೆ ನನ್ನ ಮತ ಡಬ್ಬಿಗೆ. ಖಾರ ಕಡಿಮೆ, ಬಣ್ಣ ಗಾಢ. ಹಾಗಾಗಿ ಮಸಾಲೆಯನ್ನು ದಪ್ಪಗೆ ಮೆತ್ತಿದರೂ ಬಾಯಿ ಉರಿಯುವುದಿಲ್ಲ. ಅರ್ಧ ಕಿಲೋ ಮೀನಿಗೆ ಎಂಟು ಹತ್ತು ಕಾಯಿ ಬಿಸಿನೀರಲ್ಲಿ ನೆನೆಸಿ, ಬೆಳ್ಳುಳ್ಳಿ, ಅರಿಶಿನ, ಉಪ್ಪು ಹಾಕಿ ನುಣ್ಣಗೆ ಅರೆಯಬೇಕು. ಈ ಬಣ್ಣ ಬಿಡುವುದು ನೀರಿನಲ್ಲಲ್ಲ, ಎಣ್ಣೆಯಲ್ಲಿ. ಆದ್ದರಿಂದ ಕೊನೆಗೆ ಎರಡು ಚಮಚ ಶೇಂಗಾ ಎಣ್ಣೆ ಕಲಸಲೇಬೇಕು. ಮೊಸರು, ಗರಂ ಮಸಾಲೆ ಎಂದು ಸೇರಿಸುತ್ತ ಹೋದರೆ ಮೀನು ನೆಪಕ್ಕಷ್ಟೇ ಉಳಿಯುತ್ತದೆ.

ಮೀನಿನ ಎರಡೂ ಮಗ್ಗುಲಿಗೆ ಒತ್ತೊತ್ತಾಗಿ ಗೀರು ಹಾಕಿ. ಮಸಾಲೆ ಒಳಗಿಳಿಯುತ್ತದೆ, ಕಾಟ್ಲಾ ರೋಹುಗಳ ಸಣ್ಣ ಮುಳ್ಳೂ ತುಂಡಾಗುತ್ತವೆ. ಮಸಾಲೆ ಮೆತ್ತುವ ಮುಂಚೆ ಬಟ್ಟೆಯಿಂದ ನೀರು ಒರೆಸಬೇಕು. ಹಸಿ ಇದ್ದರೆ ಸಿಪ್ಪೆ ಜಾಲರಿಗೆ ಅಂಟಿ, ತಿರುವುವಾಗ ಮೀನು ಹರಿಯುತ್ತದೆ.

ಮುಂದಿನದು ಬೆಂಕಿಯ ಕೆಲಸ, ಇಲ್ಲೇ ಹೆಚ್ಚಿನವರ ಅವಸರ. ಒಳಗಿನ ಅಡುಗೆಮನೆಗೆ ಮೀನು ಸೇರಿಸದ ಮನೆಗಳಲ್ಲೂ ಹಿತ್ತಲಿನಲ್ಲಿ ಮೂರು ಕಲ್ಲಿಗೆ ಅಡ್ಡಿಯಿಲ್ಲ. ಗೋವಿನಜೋಳದ ಸೀಮೆಯಲ್ಲವೇ, ಕಾಳು ಬಿಡಿಸಿದ ಬೆಂಡು ಹಚ್ಚಿದರೆ ಬೇಗ ಉರಿ ಏಳುತ್ತದೆ; ಆದರೆ ಅದರ ಕೆಂಡ ನಿಲ್ಲದು, ಮೇಲೆ ಜಾಲಿಯ ಕಟ್ಟಿಗೆ ಬೇಕು. ಉರಿ ಪೂರ್ತಿ ಇಳಿದು ಕೆಂಡದ ಮೇಲೆ ತೆಳ್ಳಗೆ ಬೂದಿ ಕಟ್ಟಿದ ಮೇಲೆ ಜಾಲರಿ ಇಡಿ. ಉರಿಯ ನಾಲಿಗೆ ತಾಗಿದರೆ ಮೆಣಸಿನಕಾಯಿ ಕರಕಲಾಗಿ ಕಹಿಯಾಗುತ್ತದೆ, ಒಳಗೆ ಮೀನು ಹಸಿಯೇ ಇರುತ್ತದೆ. ಕೈಯಗಲದ ಮೀನಿಗೆ ಮಗ್ಗುಲಿಗೆ ಐದಾರು ನಿಮಿಷ ಸಾಕು. ಬೆನ್ನಿನ ಕಡೆ ಚುಚ್ಚಿದಾಗ ಮಾಂಸ ಮುಳ್ಳಿನಿಂದ ಬಿಡಿಸಿಕೊಂಡರೆ ಇಳಿಸಿಬಿಡಿ. ಒಂದೇ ಸಲ ತಿರುವಿ, ಪದೇ ಪದೇ ಕೆದಕಬೇಡಿ.

ಜೋಳದ ರೊಟ್ಟಿ, ಹಸಿ ಉಳ್ಳಾಗಡ್ಡಿ, ಲಿಂಬೆಹೋಳು ಜೊತೆಗಿರಲಿ. ಚಿಕ್ಕ ಮಕ್ಕಳಿದ್ದರೆ ರೋಹು ಬಿಟ್ಟು ಜಿಲೇಬಿ ಮೀನು ತನ್ನಿ. ಅದರಲ್ಲಿ ಸಣ್ಣ ಮುಳ್ಳಿನ ಕಾಟ ಕಡಿಮೆ, ಬೆಲೆಯೂ ಸಾಮಾನ್ಯವಾಗಿ ಅಗ್ಗ.