ಅಧ್ಯಾಯ 4: ಹಲಗೆ ಅಗಲವಾಗುತ್ತದೆ, ಉದ್ದವಾಗುವುದಿಲ್ಲ

ಪೀಠೋಪಕರಣ ಎಂದರೆ ಮೈಯ ಭಾರವನ್ನೋ ಸಾಮಾನಿನ ಭಾರವನ್ನೋ ಹೊರುವ ವಸ್ತು. ಅದರ ಅಳತೆ ನಮ್ಮ ಮೈಯ ಅಳತೆಯಿಂದಲೇ ಹುಟ್ಟುತ್ತದೆ. ಕುರ್ಚಿಯ ಆಸನ ನೆಲದಿಂದ 42ರಿಂದ 45 ಸೆಂಟಿಮೀಟರ್, ಊಟದ ಮೇಜು 72ರಿಂದ 75. ಎರಡರ ನಡುವೆ ತೊಡೆ ಆಡುವಷ್ಟು, ಹೆಚ್ಚುಕಡಿಮೆ 30 ಸೆಂಟಿಮೀಟರ್ ಅಂತರ ಇರಬೇಕು. ಆಕಾರ ಎಷ್ಟೇ ವಿಚಿತ್ರವಾಗಿರಲಿ, ಈ ಅಳತೆ ತಪ್ಪಿದರೆ ಮನೆಯವರು ಅದರ ಮೇಲೆ ಬಟ್ಟೆ ರಾಶಿ ಹಾಕುತ್ತಾರೆಯೇ ಹೊರತು ಕೂರುವುದಿಲ್ಲ. ಟೇಪು ಹಿಡಿಯಲು ಬಂದರೆ ಇದಿಷ್ಟು ಒಂದು ಸಂಜೆಯಲ್ಲಿ ತಿಳಿಯುತ್ತದೆ.

ಹೊಸಬರು ಎಡವುವುದು ಮರದ ಸ್ವಭಾವದ ವಿಷಯದಲ್ಲಿ. ಆಸೆಪಟ್ಟು ಅಗಲವಾದ ಹಲಗೆ ತರುತ್ತಾರೆ. ಅಡಿಯಲ್ಲಿ ಎರಡು ಅಡ್ಡಪಟ್ಟಿ ಇಟ್ಟು, ಅಂಟು ಬಳಿದು, ಅಲುಗಾಡದಂತೆ ಸ್ಕ್ರೂ ಬಿಗಿಯುತ್ತಾರೆ. ಬೇಸಿಗೆ ಬರುವಷ್ಟರಲ್ಲಿ ಹಲಗೆ ಉದ್ದಕ್ಕೂ ಸೀಳಿರುತ್ತದೆ. ಮರ ಸರಿಯಾಗಿ ಒಣಗಿರಲಿಲ್ಲ ಎಂದು ಸಾಮಿಲ್‌ನವರನ್ನು ಬೈಯುತ್ತಾರೆ. ಎಷ್ಟೋ ಸಲ ಮರ ಚೆನ್ನಾಗಿಯೇ ಒಣಗಿರುತ್ತದೆ; ಸೀಳಿಗೆ ಕಾರಣ ಆ ಬಿಗಿತ.

ಮರ ಎನ್ನುವುದು ಸಣ್ಣ ಕೊಳವೆಗಳ ಕಂತೆ. ಒತ್ತಾಗಿ ಕಟ್ಟಿದ ಭತ್ತದ ಹುಲ್ಲಿನ ಹೊರೆ ಎಂದುಕೊಳ್ಳಿ. ಹಸಿಮರದಲ್ಲಿ ನೀರು ಎರಡು ಕಡೆ ಇರುತ್ತದೆ: ಕೊಳವೆಯ ಒಳಗೆ ಮತ್ತು ಕೊಳವೆಯ ಗೋಡೆಯಲ್ಲಿ. ಮೊದಲು ಒಳಗಿನ ನೀರು ಹೋಗುತ್ತದೆ. ಅಲ್ಲಿಯವರೆಗೆ ಮರದ ಅಳತೆ ಬದಲಾಗುವುದಿಲ್ಲ. ತೇವಾಂಶ ಸುಮಾರು 28–30 ಪ್ರತಿಶತಕ್ಕೆ ಇಳಿದ ಮೇಲೆ ಗೋಡೆಯ ನೀರು ಹೊರಡಲು ಶುರುವಾಗುತ್ತದೆ. ಆಗ ಮರ ಕುಗ್ಗುತ್ತದೆ. ಗೋಡೆಯಲ್ಲಿರುವ ಸೆಲ್ಯುಲೋಸ್ ಎಳೆಗಳು ಬಹುಪಾಲು ಮರದ ಉದ್ದಕ್ಕೇ ಮಲಗಿರುತ್ತವೆ. ನೀರು ಆ ಎಳೆಗಳ ನಡುವೆ ನುಗ್ಗಿ ಅವನ್ನು ಅಕ್ಕಪಕ್ಕಕ್ಕೆ ತಳ್ಳುತ್ತದೆಯೇ ವಿನಾ ಎಳೆಯನ್ನೇ ಉದ್ದ ಮಾಡಲಾರದು. ಹಾಗಾಗಿ ಹಲಗೆ ಅಗಲದಲ್ಲಿ ಹಿಗ್ಗಿ ಕುಗ್ಗುತ್ತದೆ. ಉದ್ದದಲ್ಲಿ ಆಗುವ ವ್ಯತ್ಯಾಸ ಲೆಕ್ಕಕ್ಕೆ ಬರುವಂಥದ್ದಲ್ಲ. ಈ ಒಂದು ಸಂಗತಿ ಮನಸ್ಸಿಗೆ ಇಳಿದರೆ ಮರಗೆಲಸದ ಅರ್ಧ ಗುಟ್ಟು ತಿಳಿದಂತೆ. ಎಷ್ಟು ಸಲ ವಿವರಿಸಿದರೂ ನನಗೆ ಇದರ ಬೆರಗು ಹೋಗಿಲ್ಲ.

ಅಗಲದಲ್ಲೂ ಎರಡು ಬಗೆ. ಹಸಿ ತೇಗ ಪೂರ್ತಿ ಒಣಗುವಾಗ ತಿರುಳಿನಿಂದ ತೊಗಟೆಯ ಕಡೆಗೆ ಸುಮಾರು 2.5 ಪ್ರತಿಶತ ಕುಗ್ಗಿದರೆ, ಬೆಳವಣಿಗೆಯ ಉಂಗುರದ ಗುಂಟ ಸುಮಾರು 5.8 ಪ್ರತಿಶತ ಕುಗ್ಗುತ್ತದೆ. ಹಲಗೆ ದೋಣಿಯಂತೆ ಬಾಗುವುದು ಈ ಅಸಮಾನತೆಯಿಂದ. ಕಡಿಮೆ ಆಡುವ ಮರವೆಂದು ಹೆಸರಾದ ತೇಗದ ಕತೆಯೇ ಹೀಗೆ.

ಲೆಕ್ಕ ಹಾಕಿ ನೋಡೋಣ. ಗಾಳಿಯ ಆರ್ದ್ರತೆ 40 ಪ್ರತಿಶತ ಇದ್ದಾಗ ಮರದ ತೇವಾಂಶ 7–8 ಪ್ರತಿಶತದ ಹತ್ತಿರ ನಿಲ್ಲುತ್ತದೆ. ಆರ್ದ್ರತೆ 80ಕ್ಕೆ ಏರಿದರೆ ತೇವಾಂಶ 16ರ ಹತ್ತಿರ ಬರುತ್ತದೆ. ಉಂಗುರದ ಗುಂಟ ಕೊಯ್ದ 60 ಸೆಂಟಿಮೀಟರ್ ಅಗಲದ ತೇಗದ ಹಲಗೆ ಅಷ್ಟಕ್ಕೇ ಸುಮಾರು 9 ಮಿಲಿಮೀಟರ್ ಹಿಗ್ಗುತ್ತದೆ. ಅಡ್ಡಪಟ್ಟಿಯ ಎಳೆ ಆ ದಿಕ್ಕಿಗೆ ಉದ್ದವಾಗಿರುವುದರಿಂದ ಅದು ಇದ್ದ ಹಾಗೇ ಇರುತ್ತದೆ. ಒಂದು ಹಿಗ್ಗಿ ಕುಗ್ಗುತ್ತದೆ, ಇನ್ನೊಂದು ಜಗ್ಗುವುದಿಲ್ಲ, ನಡುವೆ ಸ್ಕ್ರೂ ಇದೆ. ಸೀಳದೆ ಇನ್ನೇನಾದೀತು?

ಇಲ್ಲಿ ಎರಡು ನಂಬಿಕೆಗಳನ್ನು ಬಿಡಬೇಕು. ಹಳೆಯ ಮರ ಆಡುವುದಿಲ್ಲ ಎನ್ನುವುದು ಒಂದು. ಪಾಲಿಶ್ ಹೊಡೆದರೆ ಸಾಕು ಎನ್ನುವುದು ಇನ್ನೊಂದು. ಪಾಲಿಶ್ ತೇವದ ಓಡಾಟವನ್ನು ನಿಧಾನ ಮಾಡುತ್ತದೆ, ನಿಲ್ಲಿಸುವುದಿಲ್ಲ. ತಲೆಮಾರುಗಳಷ್ಟು ಹಳೆಯ ಬಾಗಿಲುಗಳೂ ಮಳೆಗಾಲದಲ್ಲಿ ಚೌಕಟ್ಟನ್ನು ಕಚ್ಚಿಕೊಳ್ಳುವುದನ್ನು ಯಾರು ನೋಡಿಲ್ಲ? ಹಳೆಯ ಬಡಗಿಗಳು ಇದನ್ನು ಬಲ್ಲವರು. ಚೌಕಟ್ಟಿನ ಒಳಅಂಚಿನ ತೋಡಿನಲ್ಲಿ ನಡುವಿನ ಹಲಗೆಯನ್ನು ಅಂಟಿಸದೆ ಸಡಿಲವಾಗಿ ಕೂರಿಸುವ ಬಾಗಿಲಿನ ವಿನ್ಯಾಸ ಹುಟ್ಟಿದ್ದೇ ಈ ತಿಳಿವಳಿಕೆಯಿಂದ. ಮೇಜಿಗೂ ಅದೇ ಉಪಾಯ. ಅಡ್ಡಪಟ್ಟಿಯಲ್ಲಿ ನಡುವಿನ ಸ್ಕ್ರೂಗೆ ಮಾತ್ರ ದುಂಡು ತೂತು ಇರಲಿ. ಉಳಿದವಕ್ಕೆ ಹಲಗೆಯ ಅಗಲದ ದಿಕ್ಕಿಗೆ ಉದ್ದನೆಯ ಸೀಳುತೂತು ಕೊರೆದು, ವಾಷರ್ ಹಾಕಿ, ಸ್ಕ್ರೂ ಜಾರುವಷ್ಟು ಮಾತ್ರ ಬಿಗಿಯಿರಿ. ಅಂಟು ಬೇಡವೇ ಬೇಡ. ಆಗ ನಡು ನಿಲ್ಲುತ್ತದೆ, ಎರಡು ಅಂಚೂ ಓಡಾಡುತ್ತವೆ.

ಈ ಓಡಾಟವನ್ನು ಒಪ್ಪಿಕೊಂಡೇ ಸೌಂದರ್ಯ ಕಟ್ಟಿದವರು ಜಾರ್ಜ್ ನಕಾಶಿಮಾ (1905–1990). ಅಮೆರಿಕದಲ್ಲಿ ಹುಟ್ಟಿದ ಈ ವಾಸ್ತುಶಿಲ್ಪಿ 1930ರ ದಶಕದ ಕೊನೆಯಲ್ಲಿ ಪುದುಚೇರಿಯ ಅರವಿಂದಾಶ್ರಮದ ಗೋಲ್ಕೊಂಡ ಕಟ್ಟಡದ ಕೆಲಸಕ್ಕೆಂದು ಬಂದು ಅಲ್ಲೇ ಸಾಧಕರಾದರು. ಅಮೆರಿಕಕ್ಕೆ ಮರಳಿದ ಮೇಲೆ, ಎರಡನೇ ಮಹಾಯುದ್ಧದಲ್ಲಿ, ಜಪಾನಿ ಮೂಲದವರೆಂಬ ಕಾರಣಕ್ಕೆ ಅಲ್ಲಿನ ಸರ್ಕಾರ ಅವರನ್ನು ಇಡಾಹೊದ ಮಿನಿಡೋಕ ಶಿಬಿರದಲ್ಲಿ ಕೂಡಿಹಾಕಿತು. ಜಪಾನಿ ಮರಗೆಲಸದ ಕೈಚಳಕವನ್ನು ಅವರು ಕಲಿತದ್ದು ಅಲ್ಲಿ, ಇನ್ನೊಬ್ಬ ಬಂದಿಯಾಗಿದ್ದ ಬಡಗಿಯಿಂದ. 1964ರಲ್ಲಿ ಮತ್ತೆ ಭಾರತಕ್ಕೆ ಬಂದು ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಪೀಠೋಪಕರಣಗಳನ್ನು ರೂಪಿಸಿದರು.

ತೊಗಟೆಯ ಕಡೆಯ ಅಂಕುಡೊಂಕು ಅಂಚನ್ನು ಅವರು ಕತ್ತರಿಸುತ್ತಿರಲಿಲ್ಲ. ಬಿರುಕಿದ್ದರೆ ಅದನ್ನೂ ಮುಚ್ಚದೆ, ಅಡ್ಡಲಾಗಿ ಚಿಟ್ಟೆಯಾಕಾರದ ಗಟ್ಟಿಮರದ ಕೀಲನ್ನು ಕೂರಿಸುತ್ತಿದ್ದರು. ಈ ಚಿಟ್ಟೆಕೀಲನ್ನು ಅಲಂಕಾರವೆಂದು ತಿಳಿದು ನಕಲು ಮಾಡುವವರು ಬಹಳ. ಅದರ ಎಳೆಯ ದಿಕ್ಕನ್ನು ನೋಡುವವರು ಕಡಿಮೆ. ಕೀಲಿನ ಎಳೆ ಬಿರುಕಿಗೆ ಅಡ್ಡವಾಗಿ, ಒಂದು ರೆಕ್ಕೆಯಿಂದ ಇನ್ನೊಂದಕ್ಕೆ ಓಡಬೇಕು. ಬಿರುಕು ಅಗಲವಾಗಲು ಹೊರಟಾಗ ಕೀಲು ಎಳೆಯ ಗುಂಟ ಎಳೆತ ತಡೆಯುತ್ತದೆ, ಮರ ಅತ್ಯಂತ ಬಲವಾಗಿರುವುದು ಆ ದಿಕ್ಕಿನಲ್ಲೇ. ಎಳೆ ತಿರುಗಿಸಿ ಕೂರಿಸಿದರೆ ಸೊಂಟದಲ್ಲಿ ಮುರಿಯುತ್ತದೆ. ಕೀಲು ಚಿಕ್ಕದಾಗಿರುವುದಕ್ಕೂ ಕಾರಣವಿದೆ: ಅದು ಹಿಡಿದಿಡುವ ಅಗಲ ಕಡಿಮೆಯಾದಷ್ಟೂ ಹಲಗೆಯ ಹಿಗ್ಗುವಿಕೆಯೊಂದಿಗೆ ಜಗಳ ಕಡಿಮೆ.

ಇನ್ನೊಂದು ಉದಾಹರಣೆ ಹೇಳದೆ ಮುಂದೆ ಹೋಗಲಾರೆ. ನೆದರ್ಲೆಂಡ್ಸಿನ ಖೆರಿಟ್ ರೀಟ್‌ವೆಲ್ಡ್ 1934ರ ಸುಮಾರಿಗೆ ಮಾಡಿದ ಜಿಗ್‌ಜಾಗ್ ಕುರ್ಚಿಗೆ ಕಾಲುಗಳೇ ಇಲ್ಲ. ನೆಲದ ಮೇಲೊಂದು ಹಲಗೆ, ಅದರ ಹಿಂದಿನ ಅಂಚಿನಿಂದ ಮುಂದಕ್ಕೆ ಓರೆಯಾಗಿ ಏರುವ ಇನ್ನೊಂದು, ಅದರ ತುದಿಯಿಂದ ಹಿಂದಕ್ಕೆ ಚಾಚಿದ ಆಸನ, ಮೇಲೆ ಒರಗು. ಕೂತರೆ ಕುಸಿಯುತ್ತದೆ ಅನ್ನಿಸುತ್ತದೆ, ಕುಸಿಯುವುದಿಲ್ಲ. ಭಾರ ಬಿದ್ದಾಗ ಎರಡು ಚೂಪು ಮೂಲೆಗಳೂ ಮಡಚಿಕೊಳ್ಳಲು ನೋಡುತ್ತವೆ. ಅಲ್ಲಿ ತ್ರಿಕೋನದ ಬೆಣೆಗಳಿವೆ. ಅವು ಒತ್ತಡ ಹೊರುತ್ತವೆ. ಒರಗೂ ಆಸನವೂ ತುದಿ ಅಗಲವಾದ ಡವ್‌ಟೇಲ್ ಹಲ್ಲುಗಳಿಂದ ಕಚ್ಚಿಕೊಂಡಿವೆ. ಮುಖ್ಯ ಜಾಣತನ ಇನ್ನೂ ಮುಂದಿದೆ: ನಾಲ್ಕೂ ಹಲಗೆಗಳ ಎಳೆ ಮೂಲೆಗಳನ್ನು ಅಡ್ಡಹಾಯ್ದು ಆ ಅಂಕುಡೊಂಕು ಹಾದಿಯ ಗುಂಟವೇ ಸಾಗುತ್ತದೆ. ಮಳೆಗಾಲದಲ್ಲಿ ನಾಲ್ಕೂ ಒಟ್ಟಿಗೆ ಅಗಲವಾಗುತ್ತವೆ, ಬೇಸಿಗೆಯಲ್ಲಿ ಒಟ್ಟಿಗೆ ಕುಗ್ಗುತ್ತವೆ, ಒಂದು ಇನ್ನೊಂದನ್ನು ಸೀಳುವುದಿಲ್ಲ. ಇಷ್ಟು ವಿಚಿತ್ರವಾದ ರೂಪ ಮರದ ನಿಯಮಕ್ಕೆ ಇಷ್ಟು ವಿಧೇಯವಾಗಿರುವುದನ್ನು ನಾನು ಬೇರೆ ಕಡೆ ಕಂಡಿಲ್ಲ.

ನೀವು ಹೊಸ ಆಕಾರ ಬರೆಯುವಾಗ ಪ್ರತಿ ತುಂಡಿನ ಮೇಲೂ ಎಳೆಯ ದಿಕ್ಕಿಗೆ ಒಂದು ಬಾಣದ ಗುರುತು ಹಾಕಿ. ಎರಡು ಬಾಣ ಅಡ್ಡಡ್ಡ ಸೇರುವ ಕಡೆ ಜಾರಲು ಅವಕಾಶ ಕೊಟ್ಟಿದ್ದೀರಾ ನೋಡಿ. ಬೆಂಗಳೂರಿನ ಮಲ್ಲೇಶ್ವರದಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯೇ ಇದೆ. ಮರದ ವಿಜ್ಞಾನ ತಿಳಿಯಬಯಸುವವರು ಅಲ್ಲಿಂದ ಶುರುಮಾಡಬಹುದು. ಅದಕ್ಕೂ ಮೊದಲು ಮನೆಯಲ್ಲೇ ಒಂದು ಕೆಲಸ ಮಾಡಿ. ನಿಮ್ಮೂರಲ್ಲಿ ಸಿಗುವ ಹಲಸು, ಹೊನ್ನೆ, ಸಿಲ್ವರ್ ಓಕ್ ಯಾವುದಾದರೂ ಸರಿ, ಒಂದು ಅಡಿ ಅಗಲದ ತುಂಡು ತಂದು ಗೋಡೆಗೆ ಒರಗಿಸಿಡಿ. ಅದರ ಅಗಲವನ್ನು ತಿಂಗಳಿಗೊಮ್ಮೆ ಅಳೆದು, ಅದರ ಬೆನ್ನಿನ ಮೇಲೇ ತಾರೀಖಿನ ಜೊತೆ ಪೆನ್ಸಿಲಿನಲ್ಲಿ ಬರೆಯಿರಿ. ಯುಗಾದಿಯಿಂದ ಯುಗಾದಿಗೆ ಒಂದು ವರ್ಷ ತುಂಬಿದ ಮೇಲೆ ಮೊದಲ ಮೇಜಿಗೆ ಉಳಿ ಹಿಡಿಯಿರಿ.