ಸಿಪಿಯುಗೆ ಕವರ್ ಹಾಕಿದರೆ ಧೂಳು ಹೋಗುವುದಿಲ್ಲವೇ?

‘ಸಿಪಿಯುಗೆ ಸದಾ ಪ್ಲಾಸ್ಟಿಕ್ ಕವರ್ ಹಾಕಿಡಿ, ಧೂಳು ಒಳಗೆ ಹೋಗುವುದೇ ಇಲ್ಲ.’ ಇಂಥ ಸಲಹೆ ನಿಮ್ಮ ವಾಟ್ಸ್ಯಾಪ್‌ಗೂ ಬಂದಿರಬಹುದು. ಇದರಲ್ಲಿ ಅರ್ಧ ಮಾತ್ರ ಸತ್ಯ. ಕಂಪ್ಯೂಟರ್ ಆಫ್ ಆಗಿರುವಾಗ ಕವರ್ ಒಳ್ಳೆಯದು. ಆನ್ ಆಗಿರುವಾಗ ಅದೇ ಕವರ್ ಧೂಳಿಗಿಂತ ಹೆಚ್ಚು ತೊಂದರೆ ಕೊಡುತ್ತದೆ. (ಸಿಪಿಯು ಎಂದರೆ ನಿಜಕ್ಕೂ ಒಳಗಿರುವ ಪ್ರೊಸೆಸರ್ ಚಿಪ್. ಆದರೆ ನಾವೆಲ್ಲ ಇಡೀ ಡಬ್ಬಕ್ಕೇ ಹಾಗೆನ್ನುತ್ತೇವೆ, ಇಲ್ಲಿಯೂ ಹಾಗೆಯೇ ಇರಲಿ.)

ಕಾರಣ ಸರಳ. ಧೂಳು ತಾನಾಗಿ ಒಳಗೆ ನುಗ್ಗುವುದಿಲ್ಲ, ಫ್ಯಾನ್ ಅದನ್ನು ಗಾಳಿಯ ಜತೆ ಎಳೆದುಕೊಳ್ಳುತ್ತದೆ. ಒಂದು ಫ್ಯಾನ್ ನಿಮಿಷಕ್ಕೆ 25 ಘನ ಅಡಿ ಗಾಳಿ ಸಾಗಿಸುತ್ತದೆ ಎಂದುಕೊಳ್ಳಿ. ಉದ್ದ, ಅಗಲ, ಎತ್ತರ ತಲಾ 10 ಅಡಿ ಇರುವ ಕೋಣೆಯಷ್ಟು ಗಾಳಿ 40 ನಿಮಿಷದಲ್ಲಿ ಆ ಡಬ್ಬದ ಮೂಲಕ ಹಾದುಹೋಗುತ್ತದೆ, 8 ತಾಸಿನಲ್ಲಿ 12 ಸಲ. ಕವರ್ ಹಾಕಿ ಈ ದಾರಿ ಮುಚ್ಚಿದರೆ ಬಿಸಿ ಒಳಗೇ ಉಳಿಯುತ್ತದೆ. ತುಂಬ ಬಿಸಿಯಾದ ಪ್ರೊಸೆಸರ್ ತನ್ನನ್ನು ಉಳಿಸಿಕೊಳ್ಳಲು ವೇಗ ಇಳಿಸುತ್ತದೆ, ಇನ್ನೂ ಏರಿ 100 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಬಂದರೆ ದಿಢೀರ್ ಎಂದು ಆಫ್ ಆಗುತ್ತದೆ. ಸೇವ್ ಮಾಡದ ಲೆಕ್ಕವೆಲ್ಲ ಹೋಯಿತು!

ಧೂಳು ಎಲ್ಲ ಊರಲ್ಲೂ ಒಂದೇ ಅಲ್ಲ

ಬಾಗಲಕೋಟೆ ಜಿಲ್ಲೆಯ ತೇರದಾಳದ ಕಡೆಯನ್ನೇ ನೋಡಿ. ಸುತ್ತ ಕಬ್ಬಿನ ಹೊಲ, ಪಕ್ಕದ ರಬಕವಿ-ಬನಹಟ್ಟಿಯಲ್ಲಿ ಪಾವರ್‌ಲೂಮ್‌ಗಳ ಸದ್ದು. ಕಬ್ಬು ಕಟಾವಾದ ಮೇಲೆ ರವದಿ ಸುಟ್ಟರೆ ಕಪ್ಪು ಬೂದಿ ಮಾಳಿಗೆಗೆ ಬಂದು ಬೀಳುತ್ತದೆ. ಬೇಸಿಗೆಯಲ್ಲಿ ಎರೆಮಣ್ಣಿನ ಧೂಳು. ಇವೆರಡೂ ಪುಡಿ, ಊದಿದರೆ ಬಹುಪಾಲು ಹಾರಿಹೋಗುತ್ತವೆ. ಮಗ್ಗದ ಮನೆಯ ಹತ್ತಿಯ ಎಳೆಯೇ ಬೇರೆ ಕಥೆ. ಕೂದಲಿಗಿಂತ ತೆಳುವಾದ ಈ ಎಳೆಗಳು ಒಂದಕ್ಕೊಂದು ಹೆಣೆದುಕೊಂಡು, ಪ್ರೊಸೆಸರ್ ಮೇಲಿನ ಲೋಹದ ರೆಕ್ಕೆಗಳ ಸಂದಿಯಲ್ಲಿ ಕಂಬಳಿಯಂತೆ ಕೂರುತ್ತವೆ. ನೂಲಿಗೆ ಹಾಕಿದ ಗಂಜಿಯ ಪುಡಿ ಬೇರೆ. ಮಳೆಗಾಲದ ತೇವ ಸೇರಿದರೆ ಅದೂ ಅಂಟಿಕೊಳ್ಳುತ್ತದೆ. ಮೇಲಿನಿಂದ ನೋಡಿದರೆ ಫ್ಯಾನ್ ತಿರುಗುತ್ತಲೇ ಇರುತ್ತದೆ, ಆದರೆ ಅದರ ಕೆಳಗೆ ಗಾಳಿ ದಾಟುತ್ತಿರುವುದಿಲ್ಲ.

ಆಗ ನಾವು ಮಾಡುವುದೇನು? ‘ವೈರಸ್ ಬಂದಿದೆ’ ಎಂದು ಫಾರ್ಮ್ಯಾಟ್ ಮಾಡಿಸುತ್ತೇವೆ. ಮದುವೆ ಫೋಟೊ, ಅಂಗಡಿಯ ಹಳೆಯ ಬಿಲ್ಲು ಅಳಿಸಿಹೋಗುತ್ತವೆ, ಧೂಳು ಮಾತ್ರ ಅಲ್ಲೇ ಇರುತ್ತದೆ. ಬೆಳಗ್ಗೆ ಚೆನ್ನಾಗಿದ್ದು ಮಧ್ಯಾಹ್ನ ನಿಧಾನವಾಗುವ, ಫ್ಯಾನ್ ಸದ್ದು ಜೋರಾಗಿರುವ ಕಂಪ್ಯೂಟರನ್ನು ಮೊದಲು ತೆರೆದು ನೋಡಿ. ಫಾರ್ಮ್ಯಾಟ್ ಆಮೇಲೆ.

ಹಾಗಾದರೆ ತಡೆಯುವುದು ಹೇಗೆ?

ಪೂರ್ತಿ ತಡೆಯಲು ಆಗುವುದಿಲ್ಲ. ಒಳಬರುವ ದಾರಿಯಲ್ಲಿ ಸೋಸಬಹುದು. ಆ ದಾರಿ ಯಾವುದೆಂದು ತಿಳಿಯಲು ಒಂದು ನೂಲಿನ ತುಂಡು ಸಾಕು. ಕಂಪ್ಯೂಟರ್ ಆನ್ ಇರುವಾಗ ಹೊರಗಿನ ಕಿಂಡಿಗಳ ಮುಂದೆ ನೂಲು ಹಿಡಿಯಿರಿ (ಕಿಂಡಿಯೊಳಗೆ ತೂರಿಸಬೇಡಿ). ಒಳಗೆ ವಾಲಿದರೆ ಗಾಳಿ ಹೋಗುವ ಕಿಂಡಿ, ಹೊರಗೆ ಹಾರಿದರೆ ಬರುವ ಕಿಂಡಿ. ಒಳಹೋಗುವ ಕಡೆ ನುಣುಪಾದ ನೈಲಾನ್ ಜಾಲರಿ ಅಂಟಿಸಿ, ಹೊರಬರುವ ಕಡೆ ಏನೂ ಬೇಡ. ಜಾಲರಿಯನ್ನು ತೊಳೆದು, ಪೂರ್ತಿ ಒಣಗಿಸಿ ಮತ್ತೆ ಹಾಕಿ. ಮಗ್ಗ ಇರುವ ಮನೆಯಲ್ಲಿ ವಾರಕ್ಕೊಮ್ಮೆಯಾದರೂ ಇದು ಬೇಕು, ಇಲ್ಲದಿದ್ದರೆ ಜಾಲರಿಯೇ ಕವರ್ ಆಗಿಬಿಡುತ್ತದೆ. ಕೆಲವು ಡಬ್ಬಗಳಲ್ಲಿ ಗಾಳಿ ಹೊರಹಾಕುವ ಫ್ಯಾನ್ ಮಾತ್ರ ಇರುತ್ತದೆ. ಅಂಥವು ಸಿಕ್ಕ ಸಂದಿಯಿಂದೆಲ್ಲ ಗಾಳಿ ಎಳೆಯುತ್ತವೆ. ಮುಂದೆ ಜಾಲರಿಯ ಹಿಂದೆ ಗಾಳಿ ಒಳತರುವ ಫ್ಯಾನ್ ಕೂರಿಸಿದರೆ ಇದು ಕಡಿಮೆಯಾಗುತ್ತದೆ. ಡಬ್ಬವನ್ನು ನೆಲದಿಂದ ಮೇಲೆತ್ತಿ ಇಡುವುದು ಖರ್ಚಿಲ್ಲದ ಉಪಾಯ.

ಸ್ವಚ್ಛ ಮಾಡುವಾಗ ಪ್ಲಗ್ ಕಿತ್ತು, ಪವರ್ ಬಟನ್ ಕೆಲವು ಸೆಕೆಂಡು ಒತ್ತಿ, ಅಂಗಳಕ್ಕೆ ತನ್ನಿ. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಡಬ್ಬದ ಲೋಹದ ಭಾಗವನ್ನು ಮುಟ್ಟಿಯೇ ಕೆಲಸ ಶುರು ಮಾಡಿ, ಏಕೆಂದರೆ ನಮಗೆ ಗೊತ್ತೇ ಆಗದಷ್ಟು ಸಣ್ಣ ಸ್ಥಿರ ವಿದ್ಯುತ್ತಿನ ಹೊಡೆತವೂ ಚಿಪ್ ಕೆಡಿಸಬಲ್ಲದು. ಮನೆಯ ವ್ಯಾಕ್ಯೂಮ್ ಕ್ಲೀನರ್ ಬೇಡ ಎನ್ನುವುದೂ ಇದೇ ಕಾರಣಕ್ಕೆ. ಮೆತ್ತನೆಯ ಬ್ರಷ್, ಕೈಯ ಬ್ಲೋವರ್ ಸಾಕು. ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದಿರಿ, ಅದು ವಿಪರೀತ ವೇಗವಾಗಿ ತಿರುಗಬಾರದು. ಹತ್ತಿಯ ಪದರ ಊದಿದರೆ ಬರುವುದಿಲ್ಲ. ಫ್ಯಾನಿನ ಸ್ಕ್ರೂ ಮಾತ್ರ ಬಿಚ್ಚಿ ಚಿಮಟದಿಂದ ಎತ್ತಬೇಕು. ಬಾಯಿಂದ ಊದಬೇಡಿ, ಉಗುಳು ಸಿಡಿಯುತ್ತದೆ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಗಾಳಿಗೂ ಹಿಡಿಯಬೇಡಿ, ಅದರ ಒತ್ತಡ ಹೆಚ್ಚು, ಜತೆಗೆ ನೀರಿನ ಹನಿಯೂ ಬರುತ್ತದೆ.

ಕರೆಂಟ್ ವೈರ್ ಬಂದು ಸೇರುವ ಪವರ್ ಸಪ್ಲೈ ಪೆಟ್ಟಿಗೆಯನ್ನು ಮಾತ್ರ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಅದರೊಳಗಿನ ಕೆಪ್ಯಾಸಿಟರ್‌ಗಳಲ್ಲಿ ಅಪಾಯಕಾರಿ ವಿದ್ಯುತ್ ಉಳಿದಿರಬಹುದು. ಹೊರಗಿನಿಂದ ಊದಿದರೆ ಸಾಕು, ಅದರ ಒಳಗೂ ಹತ್ತಿ ಕಟ್ಟಿದ್ದರೆ ರಿಪೇರಿಯವರಿಗೆ ಕೊಡಿ.